ಹೊಗೆಗುದುರೆ, ಬೀಗರಿಲ್ಲದ ಕೀಲಿ

ಚಿನ್ನೂ, ಮುತ್ತೂ,

ಹೋದ ರವಿವಾರ ನೀವಿಬ್ಬರೂ ನಿಮ್ಮೂರು ದಡ್ಡಿಯಿಂದ ಫೋನ್ ಮಾಡಿ, ಆ ಮಾಯಾಪ್ರಾಣಿಗಳ ಕಥೆಯ ಎರಡನೆಯ ಪುಸ್ತಕವನ್ನು ನನಗೆ ಓದಿ ಹೇಳುತ್ತಿದ್ದಿರಿ. ಹೊಗೆಗುದುರೆ ಹೊಳೆ ದಾಟುವವರೆಗೆ ನಾನು ಸುಮ್ಮನೆ ಹೂಂಗುಟ್ಟುತ್ತಿದ್ದೆ. ಅದರ ಮುಂದಿನ ಅಧ್ಯಾಯದ ಹೆಸರು ಕೇಳಿದ ಕೂಡಲೇ ನನಗೆ ನಗು ತಡೆಯಲಾಗಲಿಲ್ಲ.

"ನಗೂವಂಥಾದ್ದು ಏನೈತಿ ಅಜ್ಜಿ? ಇದು ಅಂಜಿಕಿ ಬರೂ ಜಾಗಾ!" ಎಂದು ಮುತ್ತು ಸಿಟ್ಟಾದ. ಚಿನ್ನು ಫೋನನ್ನೇ ಇಟ್ಟುಬಿಟ್ಟಳು.

ಯಾಕೆ ನಕ್ಕೆ ಎಂದು ಅಂದೇ ಹೇಳಬೇಕೆಂದಿದ್ದೆ. ಆದರೆ ನಿಮಗೆ ಗೊತ್ತಲ್ಲ, ಫೋನ್ ಕಿವಿಗೆ ಹಿಡಿದರೆ ನನ್ನ ಬಾಯಿಂದ ಬರುವುದು "ಹೂಂ", "ಉಂಡ್ರ್ಯಾ?" ಇಷ್ಟೇ. ಎದುರಿಗೆ ಕೂತಾಗಲೂ ನನ್ನ ಮಾತು ಕಡಿಮೆಯೇ. ಬರೆಯಲು ಕೂತರೆ ಮಾತ್ರ ಯಾರೂ ನನ್ನ ಮುಖ ನೋಡುವುದಿಲ್ಲವಾದ್ದರಿಂದ ಧೈರ್ಯ ಬರುತ್ತದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಇದು ನಿಮ್ಮ ದೊಡ್ಡಕ್ಕ ಇದೇ ಕಥೆಯನ್ನು ಓದಿದ ಕಾಲದ ಸಂಗತಿ. ಆಗ ನೀವು ತೊಟ್ಟಿಲಲ್ಲಿದ್ದಿರಿ.

ನಿಮ್ಮ ಮಾಮಾ, ಅಂದರೆ ನನ್ನ ಮಗ, ಬಹಳ ವರ್ಷ ಇಚಲಕರಂಜಿಯ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಅವನು ಸಂಸಾರ ಕಟ್ಟಿಕೊಂಡು ಮೂಡಲಗಿಗೆ ಬಂದು, ಬಸ್‌ಸ್ಟ್ಯಾಂಡಿನ ಹತ್ತಿರ ನೀರಿನ ಮೋಟಾರು ರಿಪೇರಿಯ ಅಂಗಡಿ ಹಾಕಿದ. ಸೊಸೆ ಅಂಗಡಿಯ ಗಲ್ಲೆಯ ಮೇಲೆ ಕೂತು ರೊಕ್ಕ ನೋಡಿಕೊಳ್ಳುತ್ತಿದ್ದಳು. ಅವರ ಮಕ್ಕಳಿಬ್ಬರು ನನ್ನ ಪಾಲಿಗೆ ಬಂದರು. ನಿಮ್ಮ ದೊಡ್ಡಕ್ಕ ಆರನೆಯ ಇಯತ್ತೆ, ಸಣ್ಣಕ್ಕ ಐದನೆಯದು. ಇಬ್ಬರೂ ಅಲ್ಲಿ ಮರಾಠಿ ಸಾಲಿಯಲ್ಲಿ ಕಲಿತವರು. ಮನೆಯಲ್ಲಿ ಆಡುವುದು ನಮ್ಮದೇ ಕನ್ನಡ, ಓದಲು ಬರೆಯಲು ಗೊತ್ತಿದ್ದದ್ದು ಮರಾಠಿ ಮಾತ್ರ.

ಸಣ್ಣಕ್ಕನದು ಚುರುಕು ಬಾಯಿ. ಓಣಿಯ ಹುಡುಗಿಯರ ಜೊತೆ ಕುಂಟಾಟ ಆಡುತ್ತ, ಗೋಡೆಯ ಮೇಲಿನ ಸಿಮೆಂಟಿನ ಜಾಹೀರಾತು ಓದುತ್ತ, ಶ್ರಾವಣ ಬರುವಷ್ಟರಲ್ಲಿ ಅಕ್ಷರ ಹಿಡಿದುಬಿಟ್ಟಳು. ದೊಡ್ಡಕ್ಕ ನನ್ನ ಹಾಗೆ. ತಪ್ಪಾದರೆ ಯಾರಾದರೂ ನಕ್ಕಾರು ಎಂದು ಬಾಯಿಯನ್ನೇ ತೆರೆಯುತ್ತಿರಲಿಲ್ಲ. ವರ್ಗದಲ್ಲಿ ಪಾಠ ಹೇಳುವ ಅಕ್ಕೋರು ಎದ್ದು ಓದು ಎಂದರೆ ಎದ್ದು ನಿಲ್ಲುವಳು, ಓದುತ್ತಿರಲಿಲ್ಲ.

ಒಂದು ದಿನ ಹೆಡ್‌ಮಾಸ್ತರರು ನನ್ನ ಮಗನನ್ನು ಕರೆಸಿ ಹೇಳಿದರಂತೆ: "ಹೆಸರು ಆರನೇದ್ದಾಗ ಇರಲಿ. ಆದ್ರ ದಸರಾ ಸೂಟಿ ಮುಗಿಯೂತನಾ ನೋಡತೀನಿ. ಅಷ್ಟರಾಗ ಓದಾಕ ಬರಲಿಲ್ಲಂದ್ರ ಐದನೇ ಇಯತ್ತೆದಾಗ ಕೂಡ್ರಸ್ತೀನಿ. ತಂಗಿ ಜೋಡಿ ಕೂತು ಕಲೀಲಿ." ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಿಟ್ಟಿನಿಂದಲೂ ಹೇಳಿರಲಿಲ್ಲ.

ಆದರೆ ಮನೆಯಲ್ಲಿ ಸಣ್ಣಕ್ಕ ಸುಮ್ಮನಿರಬೇಕಲ್ಲ! ರೊಟ್ಟಿ ಮುರಿಯುತ್ತ, "ಅಕ್ಕಾ, ನನ್ನ ಬಾಜೂ ಕೂಡ್ರೂ ಹುಡುಗಿಗೆ ಹೇಳೇನಿ, ಸರಕೋ ಅಂತ. ನಿನಗ ಗ್ವಾಡಿ ಕಡೆ ಜಾಗಾ ಬೇಕೋ, ಕಿಡಕಿ ಕಡೆ ಬೇಕೋ?" ಎಂದಳು.

ದೊಡ್ಡಕ್ಕ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟು ಎದ್ದು ಹೋದಳು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತವಳು ಕರೆದರೂ ಬರಲಿಲ್ಲ. ಅಳುತ್ತಲೂ ಇರಲಿಲ್ಲ. ತಂಗಿಯ ವರ್ಗದಲ್ಲಿ ಕೂಡುವುದೆಂದರೆ ಅವಳಿಗೆ ಊರ ನಡುವೆ ಲಂಗ ಜಾರಿದಷ್ಟೇ ಅವಮಾನ. ನಾಚಿಕೆಯವರ ಸಂಕಟ ನಾಚಿಕೆಯವರಿಗೇ ಗೊತ್ತು. ಇವಳನ್ನು ಆರನೆಯದರಲ್ಲೇ ಉಳಿಸಬೇಕು ಎಂದು ಆ ಹೊತ್ತಿನಲ್ಲೇ ನನ್ನ ಮನಸ್ಸಿಗೆ ಬಂದುಬಿಟ್ಟಿತು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ನಾನು ನಾಗನೂರ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಆಮೇಲೆ ಮದುವೆಯಾಯಿತು. ಪಂಚಾಂಗ, ವಚನದ ಪುಸ್ತಕ, ಹಳೆಯ ಪತ್ರಿಕೆ ಓದಿಕೊಂಡೇ ಅಕ್ಷರ ಉಳಿಸಿಕೊಂಡಿದ್ದೆ. ಮಕ್ಕಳ ಅಂಕಲಿಪಿ ತಂದು ಅವಳ ಮುಂದೆ ಇಟ್ಟೆ. ಅರಸ, ಆನೆ, ಇಲಿ ಎಂದು ಓದುವುದಕ್ಕೆ ಅವಳಿಗೆ ಇನ್ನಷ್ಟು ನಾಚಿಕೆ. ಅಷ್ಟು ದೊಡ್ಡ ಹುಡುಗಿ ಅಂಕಲಿಪಿ ಹಿಡಿದದ್ದನ್ನು ಓಣಿಯವರು ನೋಡಿದರೆ ಎಂದು ಪುಸ್ತಕವನ್ನು ಉಟ್ಟ ಪರಕಾರದ ಮಡಿಕೆಯಲ್ಲಿ ಅಡಗಿಸಿಕೊಳ್ಳುತ್ತಿದ್ದಳು.

ದಾರಿ ತೋರಿಸಿದ್ದು ಬಾಜೂಮನೆಯ ಹುಡುಗಿ. ಆ ಮನೆಯಲ್ಲಿ ತಾಯಿ ಬುರ್ಖಾ, ಕುಪ್ಪಸ ಹೊಲಿಯುತ್ತಾಳೆ, ಮಗಳು ಆಗ ದಿನಾ ಬಸ್ಸು ಹತ್ತಿ ಗೋಕಾಕಿನ ಕಾಲೇಜಿಗೆ ಹೋಗುತ್ತಿದ್ದಳು. ಅವಳು ಒಂದು ಸಂಜೆ ಕಟ್ಟೆಯ ಮೇಲೆ ಕೂತು, ಕಂದು ಬಣ್ಣದ ಅರಿವೆಯ ರಟ್ಟು ಹಾಕಿದ ದಪ್ಪನೆಯ ಪುಸ್ತಕವೊಂದನ್ನು ಚೀಲದಿಂದ ತೆಗೆದಳು.

"ಅಜ್ಜಿ, ಇದನ್ನ ಓದಸ್ರಿ ಈಕಿಗೆ. ಗೋಕಾಕದ ಲೈಬ್ರರಿದಾಗ ಇದಕ್ಕ ಹುಡುಗೂರು ಜಗಳಾ ಆಡತಾವು. ಒಂದರ ಹಿಂದ ಒಂದು ಅದಾವು, ಮುಗಿಯೂದ ಇಲ್ಲ."

"ಇಷ್ಟ ದಪ್ಪದ್ದು? ಆಕಿಗೆ ಕಾಗುಣಿತ ಬರೂದಿಲ್ಲವ್ವಾ."

"ಕಾಗುಣಿತ ತಾನ ಬರತೈತಿ. ಮುಂದ ಏನಾತು ಅನ್ನೂದು ತಲ್ಯಾಗ ಹೊಕ್ಕಿತಂದ್ರ ಓದಲಾರದ ಏನ್ ಮಾಡತಾಳ?"

ಹೀಗೆ ಆ ಕಥೆ ನಮ್ಮ ಮನೆಗೆ ಬಂತು. ನಿಮಗೆ ಗೊತ್ತಿರುವುದೇ ಆದರೂ ನನಗೆ ತಿಳಿದಂತೆ ಹೇಳುತ್ತೇನೆ. ಒಬ್ಬ ಅಂಬಿಗನ ಮಗಳು. ಅವಳ ಸೀಮೆಯ ಮಾಯಾಪ್ರಾಣಿಗಳೆಲ್ಲ ಒಂದು ಕಾಲದಲ್ಲಿ ಮನುಷ್ಯರ ಜೊತೆಗೇ ಇದ್ದವು. ಯಾರೋ ಅವುಗಳನ್ನು ಗುಡ್ಡದೊಳಗೆ, ಬಾವಿಯೊಳಗೆ, ಮರದೊಳಗೆ ನಿದ್ದೆಗೆ ಹಾಕಿದ್ದಾರೆ. ಹುಡುಗಿಯ ಕೊರಳಲ್ಲಿ ಒಂದು ಕೀಲಿ ಇದೆ. ಪ್ರಾಣಿ ಹತ್ತಿರದಲ್ಲಿದ್ದರೆ ಅದು ಜೇನುಹುಳದ ಹಾಗೆ ಗುಂಯ್ ಎನ್ನುತ್ತದೆ. ಅದನ್ನು ಹಿಡಿದುಕೊಂಡು ಅವಳು ಒಂದೊಂದೇ ಪ್ರಾಣಿಯನ್ನು ಎಬ್ಬಿಸುತ್ತ ಹೊಳೆಯ ದಂಡೆಗುಂಟ ನಡೆಯುತ್ತಾಳೆ. ಆ ಹೊಳೆಯನ್ನು ನಾನು ನಿಮ್ಮ ದಡ್ಡಿಯ ಹೊಳೆಯೆಂದೇ ಕಂಡೆ. ಬೇರೆ ಹೊಳೆ ಕಲ್ಪಿಸಿಕೊಳ್ಳಲು ನಾನು ಮತ್ತೆಲ್ಲಿ ನೋಡಿದ್ದೇನೆ?

ಮೊದಲು ನಾನು ಓದಿದೆ. ಗಟ್ಟಿಯಾಗಿ ಓದಿದ್ದು ಸಾಲಿ ಬಿಟ್ಟ ಮೇಲೆ ಅದೇ ಮೊದಲು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಓದುತ್ತಿದ್ದೆ. ಸಣ್ಣಕ್ಕ, "ಅಜ್ಜಿ, ಕಥಿ ಹೇಳಾಕತ್ತೀಯೋ ಚಾಡಿ ಹೇಳಾಕತ್ತೀಯೋ, ಕೇಳವಲ್ದು" ಎಂದಳು. ಸೆರಗು ಇಳಿಸಿದೆ. ಸ್ವಲ್ಪ ದಿನ ಕಳೆದ ಮೇಲೆ, ಕಥೆ ಬಿಸಿಯಾಗಿದ್ದಾಗ, ಕಣ್ಣು ನೋಯುತ್ತದೆಂದು ನೆವ ಹೇಳಿ ಪುಸ್ತಕವನ್ನು ದೊಡ್ಡಕ್ಕನ ತೊಡೆಯ ಮೇಲೆ ಇಟ್ಟು ಒಳಗೆ ಹೋದೆ. ಒಲೆಯ ಮುಂದೆ ನಿಂತು ಕಿವಿಗೊಟ್ಟೆ. ಮೊದಲು ಪುಟ ಸರಿಸುವ ಸಪ್ಪಳ. ಆಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುವ ದನಿ ಬಂತು.

"ಹೋ... ಗೆ... ಗು... ದು... ರೆ."

ಸಣ್ಣಕ್ಕ ಬಿದ್ದು ಬಿದ್ದು ನಕ್ಕಳು. "ಹೋಗೇ ಕುದುರಿ, ಹೋಗೇ! ನಿಂದೂ ಐದನೇ ಇಯತ್ತೆ ಆತು, ಹೋಗೇ!"

ನಾನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ದೊಡ್ಡಕ್ಕ ಪುಸ್ತಕ ಮುಚ್ಚಿಬಿಟ್ಟಿದ್ದಳು. ಮರಾಠಿಯಲ್ಲಿ ಗಿಡ್ಡ ಒ, ಉದ್ದ ಓ ಎಂದು ಬೇರೆ ಬೇರೆ ಬರೆಯುವುದಿಲ್ಲ. ಅವಳಿಗೆ ಹೊಗೆಯೂ ಒಂದೇ, ಹೋಗೆಯೂ ಒಂದೇ. ನಾನು ಅವಳನ್ನು ಒಳಗೆ ಕರೆದುಕೊಂಡು ಬಂದು ಒಲೆಯ ಮುಂದೆ ಕೂಡಿಸಿದೆ.

"ಇದನ್ನ ನೋಡು. ಒಲಿಯಾಗಿಂದು ಹೊಗೆ. ಒಮ್ಮೆ ಉಫ್ ಅಂದ್ರ ಆತು, ಗಿಡ್ಡ. ಹೋಗು ಅನ್ನೂದು ಬೀಗರನ್ನ ಓಣಿ ಕಡೀತನಾ ಕಳಿಸಿದಂಗ, ಉದ್ದ. ಈಗ ಓದು."

"ಹೊಗೆ," ಎಂದಳು, ದೀಪ ಆರಿಸಿದ ಹಾಗೆ.

ಅಲ್ಲಿಂದ ಗಾಡಿ ನಡೆಯಿತು. ಆ ಪ್ರಾಣಿಗಳು, ಆ ವಸ್ತುಗಳು ಅವಳಿಗೆ ಅಕ್ಷರ ಕಲಿಸಿದವು. ನೆರಳುಮೇಕೆಯಿಂದ ಳ ಗಟ್ಟಿಯಾಯಿತು. ಕನ್ನಡಿಮೀನಿನಿಂದ ಒತ್ತು ಬಂತು. ಕತ್ತಲೆಲಾಟೀನು ಎಂಬ ಮಾತಿನಲ್ಲಿ ಅವಳು ಎಷ್ಟು ಸಲ ಎಡವಿದಳೋ! ಬಿಸಿಲಿನಲ್ಲಿ ಹೊತ್ತಿಸಿದರೆ ಬೆಳಕಿನ ಬದಲು ಕತ್ತಲೆ ಚೆಲ್ಲುವ ಆ ಲಾಟೀನು ನನಗೆ ಬಹಳ ಹಿಡಿಸಿತ್ತು. ಚೈತ್ರದ ಮಧ್ಯಾಹ್ನ ಮಲಗಲು ಅದಕ್ಕಿಂತ ಚಲೋ ವಸ್ತು ಯಾವುದಿದೆ? ಹಾಕಿಕೊಂಡರೆ ಹೊರಟ ಜಾಗಕ್ಕೇ ಮರಳಿ ತರುವ ಚಪ್ಪಲಿ ಬಾಜೂಮನೆಯ ಹುಡುಗಿಗೆ ಬೇಕಾಗಿತ್ತು. ಗೋಕಾಕದ ಸಂಜೆ ಬಸ್ಸು ತಪ್ಪಿದಾಗಲೆಲ್ಲ ಅವಳು ಅದನ್ನೇ ನೆನೆಸುತ್ತಿದ್ದಳಂತೆ. ಕನ್ನಡಿಮೀನನ್ನು ನನಗೆ ಸರಿಯಾಗಿ ಕಲ್ಪಿಸಿಕೊಳ್ಳಲಾಗಲಿಲ್ಲ. ಮೀನು ಹತ್ತಿರದಿಂದ ಕಂಡವಳಲ್ಲ ನಾನು. ನಿಮ್ಮೂರ ಹೊಳೆಯಲ್ಲಿ ಸೀರೆ ಜಾಲಿಸುವಾಗ ಕಾಲಿಗೆ ಮುತ್ತುವ ಮರಿಗಳಷ್ಟೇ ಗೊತ್ತು.

ನೆರಳುಮೇಕೆ ಮಾತ್ರ ನನಗೆ ಚೆನ್ನಾಗಿ ಕಂಡಿತು. ನಾಗನೂರಿನ ನನ್ನ ತವರಿನಲ್ಲಿ ಒಂದು ಕರಿ ಆಡಿತ್ತು, ಅಂಗಳದಲ್ಲಿ ಒಣಹಾಕಿದ್ದನ್ನೆಲ್ಲ ಮೇಯುತ್ತಿತ್ತು. ಕಥೆಯ ಮೇಕೆ ಮನುಷ್ಯರ ನೆರಳು ಮೇಯುತ್ತದೆ. ನೆರಳು ಕಳೆದುಕೊಂಡವರನ್ನು ಅವರ ಜನರೇ ಗುರುತಿಸುವುದಿಲ್ಲ, ಎದುರಿಗೆ ಬಂದರೂ ಮಾತಾಡಿಸುವುದಿಲ್ಲ. ಆ ಪುಟ ಓದಿ ಮುಗಿಸಿದ ಮೇಲೆ ದೊಡ್ಡಕ್ಕ ಪುಸ್ತಕ ಕೆಳಗಿಟ್ಟಳು. ಆಮೇಲೆ ಕಟ್ಟೆಯ ಕೆಳಗೆ ಇಳಿದು ಬಿಸಿಲಲ್ಲಿ ನಿಂತು ಕೇಳಿದಳು:

"ಅಜ್ಜಿ, ನಂದು ನೆರಳು ಐತಿಲ್ಲ?"

ಸಾಲಿಯಲ್ಲಿ ಅವಳನ್ನು ಯಾರೂ ಮಾತಾಡಿಸುವುದಿಲ್ಲವೆಂದು ನನಗೆ ಅಂದು ತಿಳಿಯಿತು. "ಐತೆವ್ವಾ. ನನಗಿಂತ ಉದ್ದ ಐತಿ" ಎಂದೆ. ಅಷ್ಟೇ ಹೇಳಲು ಬಂತು.

ಈಗ ಕೀಲಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ಬಾಗಿಲಿಗೆ ಹಾಕುವುದಕ್ಕೆ ಕೀಲಿ ಎನ್ನುತ್ತೇವೆ. ಅದನ್ನು ತೆಗೆಯುವುದು ಕೀಲಿಕೈ. ಹುಟ್ಟಿದಾಗಿನಿಂದ ನಾನು ಕೇಳಿದ್ದು ಹೀಗೆಯೇ. ಅಂಬಿಗನ ಮಗಳು ಕೊರಳಲ್ಲಿ ಕೀಲಿ ಕಟ್ಟಿಕೊಂಡಿದ್ದಳು ಎಂದು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಟ್ರಂಕಿಗೆ ಹಾಕುವಂಥ ಹಿತ್ತಾಳೆಯ ಕೀಲಿ. ಕೊರಳಲ್ಲಿ ಅಷ್ಟು ಭಾರದ್ದು ಯಾಕೆ ಎಂದು ನನಗೆ ಅನಿಸಲೇ ಇಲ್ಲ. ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಲಿಂಗದ ಕರಡಿಗೆ ತೂಗುತ್ತದೆ. ಬೆಳ್ಳಿಯದು, ದುಂಡನೆಯದು, ಮುಚ್ಚಿದ್ದು. ಮುಚ್ಚಿದ ವಸ್ತುವೊಂದು ಎದೆಯ ಮೇಲೆ ಇದ್ದು ಕಾಯುತ್ತದೆ ಎನ್ನುವುದು ನಮಗೆ ಹೊಸದೇನಲ್ಲ.

ದೊಡ್ಡಕ್ಕ ಮಾತ್ರ ಮೊದಲ ದಿನವೇ ಹೇಳಿದ್ದಳು: "ಅಜ್ಜಿ, ಕೀಲಿ ಅಂದ್ರ ಕಿಲ್ಲಿ ಅಲ್ಲೇನು? ಬಾಗಲಾ ತಗಿಯೂದು?"

"ಕಿಲ್ಲಿ ಅನ್ನೂದು ಮರಾಠಿ. ಕನ್ನಡದಾಗ ಕೀಲಿ ಅಂದ್ರ ನೀವು ಕುಲುಪ ಅಂತೀರಲ್ಲ, ಅದು."

"ಹಂಗಾದ್ರ ಆಕಿ ಅದನ್ನ ತಿರುಗಿಸಿದಳು ಅಂತ ಯಾಕ ಬರದಾರ? ಕುಲುಪ ಹೆಂಗ ತಿರುಗತೈತಿ?"

"ಕುದುರಿಗೆ ತಿರುವಿ ತೋರಿಸಿರಬೇಕು ತಗೋ. ಮುಂದ ಓದು."

ಅವಳು ಮುಂದೆ ಓದಿದಳು. ಮರಾಠಿ ಎಂದುಬಿಟ್ಟರೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಆ ದಿನಗಳಲ್ಲಿ ಅವಳ ತಪ್ಪಿಗೆಲ್ಲ ಸಾಲಿಯಲ್ಲಿ ಹೇಳುತ್ತಿದ್ದದ್ದು ಅದನ್ನೇ. ಸಣ್ಣಕ್ಕ ಟ್ರಂಕಿನ ಕೀಲಿಯನ್ನು ಲಾಡಿಗೆ ಪೋಣಿಸಿ ಕೊರಳಿಗೆ ಹಾಕಿಕೊಂಡು, ಗುಂಯ್ ಗುಂಯ್ ಎನ್ನುತ್ತ ಕಿರಾಣಿ ಅಂಗಡಿಗೂ ಹೋಗಿ ಬಂದಳು. "ಏನ ತಂಗೀ, ಮಾತು ಭಾಳ ಆತಂತ ಮನ್ಯಾಗ ಕೀಲಿ ಜಡದಾರೇನು?" ಎಂದು ಅಂಗಡಿಯವನು ಕೇಳಿದನಂತೆ. "ಇಲ್ಲ ಕಾಕಾ, ನಿಮ್ಮ ಅಂಗಡ್ಯಾಗ ಯಾವುದೋ ಪ್ರಾಣಿ ಮಲಗೈತಿ, ಇದು ಗುಂಯ್ ಅನ್ನಾಕತ್ತೈತಿ" ಎಂದು ಹೇಳಿ ಓಡಿ ಬಂದಳು.

ಎರಡನೆಯ ಪುಸ್ತಕ ಬಂದದ್ದು ದಸರೆಗೆ ಮುಂಚೆ. ಅದರಲ್ಲಿ ನೀವು ಮೊನ್ನೆ ಓದಿದಿರಲ್ಲ, ಆ ಅಧ್ಯಾಯ: ಬೀಗವಿಲ್ಲದ ಕೀಲಿ.

ನನಗೆ ಬೀಗ ಎಂದರೆ ಬೀಗರೇ. ಮಗನ ಮಾವ, ಮಗಳ ಮಾವ, ಹಬ್ಬಕ್ಕೆ ಬರುವವರು, ಹೋಳಿಗೆ ತಿನ್ನುವವರು, ಕಳಿಸುವಾಗ ಓಣಿಯ ಕೊನೆಯವರೆಗೆ ಹೋಗಬೇಕಾದವರು. ಆ ಮಾತಿಗೆ ಮತ್ತೊಂದು ಅರ್ಥವಿದೆಯೆಂದು ನನಗೆ ಗೊತ್ತಿರಲಿಲ್ಲ. ಹಾಗಾಗಿ ನೋಡಿದ ಕೂಡಲೇ ನನಗೆ ಅದು ಅಚ್ಚಿನ ತಪ್ಪು ಎಂದು ತೋರಿತು.

"ರಿ ಹಾಕೂ ಕಡೆ ವಿ ಹಾಕ್ಯಾರ ನೋಡು. ಬೀಗರಿಲ್ಲದ ಕೀಲಿ ಅಂತ ಇರಬೇಕು" ಎಂದು ಪೆನ್ಸಿಲಿನಿಂದ, ಲೈಬ್ರರಿಯ ಪುಸ್ತಕವಲ್ಲವೇ ಎಂದು ಹಗುರವಾಗಿ, ವಿ ಮೇಲೆ ರಿ ಎಂದು ಬರೆದೆ.

"ಬೀಗರಿಲ್ಲದ ಕೀಲಿ ಅಂದ್ರ ಏನಜ್ಜಿ?"

"ಆ ಕೀಲಿಗೆ ಸಂಬಂಧಿಕರು ಅನ್ನೂವರ ಯಾರೂ ಇಲ್ಲ. ಎಲ್ಲಾ ಕೀಲಿಗೂ ಒಂದು ಬಾಗಲಾ ಇರತೈತಿ, ಒಂದು ಮನಿ ಇರತೈತಿ. ಇದು ಒಬ್ಬಂಟಿ. ಇದಕ್ಕ ಹೆಣ್ಣೂ ಕೊಟ್ಟಿಲ್ಲ, ಗಂಡೂ ಕೊಟ್ಟಿಲ್ಲ."

ಸಣ್ಣಕ್ಕನಿಗೆ ಇದು ಬಹಳ ಸೇರಿತು. ಅಂದಿನಿಂದ ಟ್ರಂಕಿನ ಕೀಲಿಗೆ ಮದುವೆ ಮಾಡಬೇಕೆಂದು ಬಾಜೂಮನೆಯ ಹೊಲಿಗೆ ಮಶೀನಿನ ಪೆಟ್ಟಿಗೆಯ ಕೀಲಿಯನ್ನು ನೋಡಲು ಹೋದಳು. ದೊಡ್ಡಕ್ಕ ಆ ಅಧ್ಯಾಯವನ್ನು ಮತ್ತೆ ಮತ್ತೆ ತೆಗೆದು ಓದುತ್ತಿದ್ದಳು. ಚೆಂದವಾಗಿದೆಯೆಂದು ಓದುತ್ತಾಳೆ ಅಂದುಕೊಂಡೆ. ಈಗ ಯೋಚಿಸಿದರೆ, ಅವಳಿಗೆ ಅದು ಹೊಂದುತ್ತಿರಲಿಲ್ಲ ಅನಿಸುತ್ತದೆ. ಹೊಂದದ್ದನ್ನು ಬಿಟ್ಟು ಮುಂದೆ ಹೋಗುವವಳಲ್ಲ ಅವಳು.

ಸೂಟಿ ಮುಗಿಯಿತು. ಹೆಡ್‌ಮಾಸ್ತರರು ಹೇಳಿಕಳಿಸಿದರು: "ಪಾಠದ ಪುಸ್ತಕ ಬ್ಯಾಡ, ಅದನ್ನ ಬಾಯಿಪಾಠ ಮಾಡಿರತಾರ. ಮನ್ಯಾಗ ಏನ ಓದತೀಯೋ ಅದನ್ನ ತಗೊಂಡ ಬಾ." ಮಗ, ಸೊಸೆ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ನಾನೇ ಹೋದೆ. ನಿಮ್ಮ ಅಜ್ಜ ಇದ್ದಾಗ ಕಚೇರಿ, ಬ್ಯಾಂಕು, ಸಾಲಿ ಎಲ್ಲ ಅವರದೇ ಕೆಲಸ. ಹೊರಗಿನ ಗಂಡಸರ ಎದುರು ನಿಂತು ನಾನು ಮಾತಾಡಿದ್ದೇ ಇಲ್ಲ. ಸಾಲಿಯ ಪಡಸಾಲೆಗೆ ಹೋದವಳು ಒಳಗೆ ಕಾಲಿಡಲಾರದೆ, ಹೆಡ್‌ಮಾಸ್ತರರ ಕೋಣೆಯ ಕಿಟಕಿಯ ಹೊರಗೆ ಸೆರಗು ಹೊದ್ದು ನಿಂತುಬಿಟ್ಟೆ. ನೀರು ಕುಡಿಯುವ ನೆವದಿಂದ ಸಣ್ಣಕ್ಕನೂ ಬಂದು ನನ್ನ ಪಕ್ಕ ನಿಂತಳು.

ಒಳಗೆ ಹೆಡ್‌ಮಾಸ್ತರರು ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿದರು. "ಇಷ್ಟ ದಪ್ಪದ್ದು ಓದೀಯೇನವಾ?" ಎಂದು ತೆರೆದರು. ಮತ್ತೆ ಮತ್ತೆ ತೆಗೆದ ಜಾಗದಲ್ಲಿ ಪುಸ್ತಕ ತಾನೇ ತೆರೆದುಕೊಳ್ಳುತ್ತದಲ್ಲ, ಅದೇ ಅಧ್ಯಾಯ ಬಂತು.

ದೊಡ್ಡಕ್ಕ ಓದತೊಡಗಿದಳು. ನಿಧಾನ. ನಡುವೆ ಒಂದು ಕಡೆ ಕೊಳವನ್ನು ಕೋಳ ಎಂದಳು, ತಾನೇ ನಿಂತು ತಿದ್ದಿಕೊಂಡಳು. ಹೊಗೆಗುದುರೆ ಬಂದಾಗ ಗಿಡ್ಡಗೆ, ಸರಿಯಾಗಿ, ಉಫ್ ಎಂದ ಹಾಗೆ ಓದಿದಳು. ಕಿಟಕಿಯ ಈಚೆ ನನ್ನ ತುಟಿಯೂ ಅವಳ ಜೊತೆಗೆ ಆಡುತ್ತಿತ್ತು. ಪುಟ ಮುಗಿಯಿತು.

"ಓದಾಕ ಬಂತು, ಛಲೋ ಆತು. ಆದ್ರ ಅಕ್ಷರ ಕೂಡಿಸಿದ್ರ ಆಗಲಿಲ್ಲ, ತಿಳೀಬೇಕು" ಎಂದರು ಹೆಡ್‌ಮಾಸ್ತರರು. "ಆಕಿ ಕೊರಳಾಗ ಕೀಲಿ ಇತ್ತು ಅಂತ ಓದಿದೆಲ್ಲ. ಕೀಲಿ ಅಂದ್ರ ಏನು?"

ದೊಡ್ಡಕ್ಕ ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು. ಹುಡುಗಿಗೆ ಮರೆತುಹೋಯಿತು ಎಂದುಕೊಂಡೆ. ಅವರಿಗೆ ಕಾಣದ ಹಾಗೆ ಸೆರಗಿನ ಮರೆಯಲ್ಲಿ ಎರಡೂ ಕೈ ಮುಷ್ಟಿ ಮಾಡಿ, ಒಂದರ ಕೆಳಗೊಂದು ತೂಗುಬಿಟ್ಟು, ಕೀಲಿ ಹೀಗೆ ತೂಗುತ್ತದಲ್ಲ ಎಂದು ತೋರಿಸಿದೆ. ಅವಳು ನೋಡಿದಳು. ಆದರೂ ಮಾತಾಡಲಿಲ್ಲ.

ಸಣ್ಣಕ್ಕ ನನ್ನ ಸೀರೆ ಹಿಡಿದು ಜಗ್ಗಿದಳು. ಪಿಸುದನಿಯಲ್ಲಿ, "ಅಜ್ಜಿ, ಆಕಿ ನಮ್ಮ ವರ್ಗಕ್ಕ ಬರೂದು ಬ್ಯಾಡ. ನಾ ಸುಮ್ನ ಅಂದಿದ್ದೆ" ಎಂದಳು. ಅವಳ ಕಣ್ಣು ತುಂಬಿದ್ದವು.

"ಗೊತ್ತಿಲ್ಲೇನು?" ಎಂದರು ಒಳಗೆ ಹೆಡ್‌ಮಾಸ್ತರರು.

"ಗೊತ್ತೈತ್ರಿ ಸರ್. ನಮ್ಮ ಮನ್ಯಾಗ ಕೀಲಿ ಅಂದ್ರ ಕುಲುಪರಿ, ಬಾಗಲಕ್ಕ ಹಾಕೂದು. ಈ ಪುಸ್ತಕದಾಗ ಕೀಲಿ ಅಂದ್ರ ಕೀಲಿಕೈರಿ."

"ಅದ್ಹೆಂಗ? ಪುಸ್ತಕಕ್ಕ ಒಂದು, ಮನಿಗೆ ಒಂದು?"

"ಕೀಲಿ ತಿರುಗಿಸಿದಳು ಅಂತ ಬರದಾರ್ರಿ. ಕುಲುಪ ತಿರುಗೂದಿಲ್ರಿ. ಮತ್ತ ಆಕಿ ತಿರುಗಿಸಿದ ಮ್ಯಾಲ ಪ್ರಾಣಿ ಏಳತಾವ್ರಿ. ಹಾಕಾಕಲ್ರಿ, ತಗಿಯಾಕ ಬರೂದ್ರಿ ಅದು." ಇಷ್ಟುದ್ದ ಮಾತನ್ನು ಅವಳು ಸಾಲಿಯಲ್ಲಿ ಅದುವರೆಗೆ ಆಡಿರಲಿಲ್ಲ.

ಹೆಡ್‌ಮಾಸ್ತರರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಕನ್ನಡಕ ಏರಿಸಿದರು. "ಇಲ್ಲಿ ಯಾರು ತಿದ್ಯಾರ? ಬೀಗರಿಲ್ಲದ ಕೀಲಿ?"

"ನಮ್ಮ ಅಜ್ಜಿರಿ," ಎಂದಳು. ಬಹಳ ಸಣ್ಣ ದನಿಯಲ್ಲಿ. "ಅದು ಬೀಗರ ಅಲ್ಲ ಅನಸ್ತೈತ್ರಿ ಸರ್. ಬೀಗ ಅಂದ್ರನ ಕುಲುಪ ಇರಬೇಕ್ರಿ. ಕುಲುಪ ಇಲ್ಲದ ಕಿಲ್ಲಿ. ಆಕಿ ಯಾವುದಕ್ಕ ಹಾಕಿ ತಿರುಗಿಸ್ಬೇಕು ಅನ್ನೂದ ಆಕಿಗೆ ತಿಳಿಯೂದಿಲ್ರಿ, ಅದು ಕಥಿರಿ."

ಹೆಡ್‌ಮಾಸ್ತರರು ಪೆನ್ಸಿಲಿನ ಆ ತಿದ್ದುಪಡಿಯನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಮೇಜು ಬಡಿದು ನಕ್ಕರು. ಪಕ್ಕದ ಕೋಣೆಯಿಂದ ಇಬ್ಬರು ಅಕ್ಕೋರು ಏನಾಯಿತೆಂದು ಬಂದರು. "ಬರ್ರಿ ಒಳಗ, ಅಮ್ಮಾರ! ಕಿಡಕ್ಯಾಗ ಯಾಕ ನಿಂತೀರಿ?" ಎಂದು ನನ್ನನ್ನೇ ಕರೆದರು.

ಹಿಂದಿನಿಂದ ಸಣ್ಣಕ್ಕ ನೂಕಿದಳು. ಒಳಗೆ ಹೋಗಿ ಗೋಡೆಗೆ ಹತ್ತಿ ನಿಂತೆ. ನಾನು ಅಷ್ಟು ದಿನ ಓದಿದ ಕಥೆಯಲ್ಲಿ ಕೀಲಿಯೇ ಕೀಲಿಯಾಗಿರಲಿಲ್ಲ, ಬೀಗರೇ ಬೀಗರಾಗಿರಲಿಲ್ಲ! ಹುಡುಗಿ ಮೊದಲ ದಿನವೇ ಸರಿಯಾಗಿ ಹೇಳಿದ್ದಳು.

"ನಾವೂ ಈ ಸೀಮಿಯವರರೀ ಅಮ್ಮಾರ. ಕಾಲೇಜಿಗೆ ಹೋಗೂತನಾ ನಮಗೂ ಬೀಗ ಅಂದ್ರ ಬೀಗರ" ಎಂದರು. "ಇರಲಿ. ನೀವ ಹೇಳ್ರಿ, ಎಲ್ಲಿ ಕೂಡ್ರಸೋಣು ಈಕಿನ್ನ? ಓದೂದು ಇನ್ನೂ ಸಾವಕಾಶ ಐತಿ. ಆರನೇದ್ದಾಗ ಆದೀತೋ, ಐದನೇದ್ದಾಗೋ?"

ಅವರು ನಗಾಡುತ್ತ ಕೇಳಿದರೋ, ನಿಜವಾಗಿಯೇ ಕೇಳಿದರೋ ಗೊತ್ತಿಲ್ಲ. ದೊಡ್ಡಕ್ಕ ನನ್ನ ಕಡೆ ನೋಡುತ್ತಿದ್ದಳು. ನಾನು ಸೆರಗು ಬಾಯಿಂದ ತೆಗೆದೆ.

"ಆರನೇದ್ದಾಗ ಕೂಡ್ಲಿರಿ. ತಿಳಿಯೂದು ಆಕಿಗೆ ತಿಳದೈತ್ರಿ. ತಪ್ಪಿದ್ದು ನಂದರಿ. ಐದನೇದ್ದಾಗ ಕೂಡ್ರಸೂದಿದ್ರ ನನ್ನ ಕೂಡ್ರಸ್ರಿ."

ಅಕ್ಕೋರಿಬ್ಬರೂ ನಕ್ಕುಬಿಟ್ಟರು. ಹೆಡ್‌ಮಾಸ್ತರರು ಪುಸ್ತಕ ಮುಚ್ಚಿ ದೊಡ್ಡಕ್ಕನ ಕೈಗೆ ಕೊಟ್ಟು, "ಹೋಗವಾ, ನಿನ್ನ ವರ್ಗಕ್ಕ ಹೋಗು. ಆರನೇದ್ದಕ್ಕ" ಎಂದರು.

ಸಂಜೆ ಸಾಲಿ ಬಿಟ್ಟ ಮೇಲೆ ಮೂವರೂ ಕಬ್ಬಿನ ಗಾಡಿಗಳನ್ನು ತಪ್ಪಿಸುತ್ತ ಮನೆಗೆ ನಡೆದೆವು. ದೊಡ್ಡಕ್ಕ ಹಿಂದೆ ಹಿಂದೆಯೇ ಬರುತ್ತಿದ್ದಳು. ಆರನೆಯದರಲ್ಲಿ ಉಳಿದ ಖುಷಿ ಅವಳ ಮುಖದಲ್ಲಿ ಇರಲಿಲ್ಲ.

"ಅಜ್ಜಿ, ನಿನಗ ಸಿಟ್ಟ ಬಂತೇನು? ಎಲ್ಲಾರ ಮುಂದ ನಿಂದು ತಪ್ಪು ಅಂದೆ."

ಆಗ ನನಗೆ ತಿಳಿಯಿತು. ಅವಳು ಕಿಟಕಿಯ ಕಡೆ ನೋಡಿದ್ದು ಮರೆತದ್ದಕ್ಕಲ್ಲ. ಉತ್ತರ ಅವಳಿಗೆ ಗೊತ್ತಿತ್ತು. ಅದನ್ನು ಹೇಳಿದರೆ ಅಜ್ಜಿಗೆ ಅವಮಾನವಾದೀತು ಎಂದು ನಿಂತಿದ್ದಳು. ತನ್ನ ವರ್ಗ ಹೋಗುವ ಹೊತ್ತಿನಲ್ಲಿ ನನ್ನ ಮಾನ ನೋಡಿದಳು ಹುಡುಗಿ.

"ಸಿಟ್ಟ್ಯಾಕ? ನೀ ಹೇಳಿದ್ದ ಖರೆ ಇತ್ತು. ನಾಳಿಂದ ನೀ ಓದು, ನಾ ಕೇಳತೀನಿ. ಎಲ್ಲಿ ತಪ್ಪು ತಿಳೀತೀನಿ ಅಲ್ಲಿ ಹೇಳು. ಮರಾಠಿ ಆದ್ರೂ ಹೇಳು."

"ಮತ್ತ ನನ್ನ ಕೀಲಿ ಮದಿವಿ?" ಎಂದಳು ಸಣ್ಣಕ್ಕ. "ಬಾಜೂಮನಿಯವ್ರು ಒಪ್ಯಾರ."

ದೊಡ್ಡಕ್ಕ ನಕ್ಕಳು. ಮೂಡಲಗಿಗೆ ಬಂದ ಮೇಲೆ ಅವಳು ಬೀದಿಯಲ್ಲಿ ದನಿ ಎತ್ತಿ ನಕ್ಕದ್ದನ್ನು ನಾನು ಅಂದೇ ಕೇಳಿದ್ದು.

ಆಮೇಲೆ ಉಳಿದ ಪುಸ್ತಕಗಳನ್ನೆಲ್ಲ ಅವಳೇ ಓದಿದಳು. ಬರಬರುತ್ತ ಬಾಜೂಮನೆಯ ತಾಯಿಯೂ ಹೊಲಿಗೆ ಹಿಡಿದುಕೊಂಡು ಕಟ್ಟೆಗೆ ಬಂದು ಕೂಡುತ್ತಿದ್ದಳು. ಕೀಲಿಕೈಗೆ ಅವರ ಮನೆಯಲ್ಲಿ ಚಾಬಿ ಎನ್ನುತ್ತಾರೆ. ಒಂದೇ ಕಟ್ಟೆಯ ಮೇಲೆ ಕಿಲ್ಲಿ, ಚಾಬಿ, ಕೀಲಿಕೈ ಮೂರೂ ಆಗುತ್ತಿದ್ದವು, ಕಥೆ ನಿಲ್ಲುತ್ತಿರಲಿಲ್ಲ. ಈಗ ದೊಡ್ಡಕ್ಕ ಗೋಕಾಕಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಮಾತು ಕಡಿಮೆಯೇ. ಆದರೆ ತಿಳಿಯದ್ದನ್ನು ತಿಳಿಯಲಿಲ್ಲ ಎಂದು ಎದ್ದು ಕೇಳುತ್ತಾಳಂತೆ. ಅಂದು ಐದನೆಯದರ ಗೋಡೆಯ ಪಕ್ಕ ಕೂತಿದ್ದರೆ ಇದಾಗುತ್ತಿತ್ತೋ ಇಲ್ಲವೋ, ನಾನು ಹೇಳಲಾರೆ.

ನೀವು ಓದುವಾಗ ನಾನು ನಕ್ಕಿದ್ದು ಇದಕ್ಕೆ. ಚಿನ್ನೂ, ಸಿಟ್ಟು ಬಿಡು. ಮುಂದಿನ ರವಿವಾರ ಅಲ್ಲಿಂದಲೇ ಓದು.

ಈ ಹಾಳೆಗಳಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿರಿ, ಬೇಸರವಿಲ್ಲ. ಆದರೆ ನಿಮ್ಮವ್ವ ರೊಟ್ಟಿ ಕಟ್ಟಲು ಕಾಗದ ಹುಡುಕುವಾಗ ಇವು ಅವಳ ಕೈಗೆ ಸಿಗಬಾರದು. ಕರದಂಟಿನ ಖಾಲಿ ಡಬ್ಬಿಯಲ್ಲಿ ಇಡಬೇಡಿರಿ, ಇರುವೆ ಮುತ್ತುತ್ತವೆ. ಬಟ್ಟೆಗಳ ನಡುವೆ, ಒಣಗಿದ ಜಾಗದಲ್ಲಿ, ನೀವಿಬ್ಬರೂ ಜಗಳವಾಡದೆ ಜೋಪಾನ ಮಾಡಿರಿ. ನಾನು ಇಷ್ಟುದ್ದ ಮಾತಾಡಿದ್ದು ಇಲ್ಲಿ ಮಾತ್ರ.

ನಿಮ್ಮ ಅಜ್ಜಿ